ಟ್ಯಾಂಕ್ ಎಂದರೆ ಯಾವುದು?

ಮಕ್ಕಳೇ, ಮೊದಲು ಒಂದು ಸಣ್ಣ ಪರೀಕ್ಷೆ. 'ಟ್ಯಾಂಕ್' ಎಂಬ ಇಂಗ್ಲಿಷ್ ಪದ ಕೇಳಿದ ಕೂಡಲೇ ನಿಮ್ಮ ಕಣ್ಣ ಮುಂದೆ ಯಾವ ಚಿತ್ರ ಬರುತ್ತದೆ? ಮುಂದೆ ಓದುವ ಮೊದಲು ಅದನ್ನು ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದಿಡಿ.

ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಹತ್ತಿರ ಅಲ್ಲಾಳಸಂದ್ರವಿದೆ. ಆ ಭಾಗದ ಒಂದು ಶಾಲೆಯಲ್ಲಿ ಏಳನೆಯ ತರಗತಿಯವರಿಗೆ ನಾನು ಇದೇ ಕೆಲಸ ಕೊಟ್ಟಿದ್ದೆ. 'ಊರಿನ ಟ್ಯಾಂಕ್ ತುಂಬಿದೆ' ಎಂಬ ವಾಕ್ಯಕ್ಕೆ ಚಿತ್ರ ಬರೆಯಿರಿ ಎಂದೆ. ಹೆಚ್ಚಿನವರು ಮನೆಯ ತಾರಸಿಯ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಬರೆದರು. ಇಬ್ಬರು ಹುಡುಗರು ಯುದ್ಧದ ಟ್ಯಾಂಕ್ ಬರೆದು, ಅದರ ತುಂಬ ಸೈನಿಕರನ್ನು ಕೂರಿಸಿದ್ದರು! ಕೆರೆಯನ್ನು ಬರೆದವಳು ಒಬ್ಬಳೇ ಹುಡುಗಿ. ಉಳಿದವರು ನಕ್ಕರು. "ಕೆರೆ ಅಂದ್ರೆ ಲೇಕ್ ಅಲ್ವಾ ಸಾರ್?" ಎಂದು ಕೇಳಿದರು.

ಯಾರ ಉತ್ತರ ಸರಿ? ಎಲ್ಲರದೂ ಸರಿ. ಆದರೆ ಆ ವಾಕ್ಯಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ಆ ಹುಡುಗಿಯ ಚಿತ್ರ. ಏಕೆ ಎಂದು ನೋಡೋಣ.

ಪದವೊಂದರ ಪ್ರಯಾಣ

ಟ್ಯಾಂಕ್ ಪದದ ಒಂದು ಬೇರು ನಮ್ಮ ದೇಶದಲ್ಲೇ ಇದೆ ಎನ್ನುತ್ತಾರೆ ಭಾಷಾ ವಿದ್ವಾಂಸರು. ಗುಜರಾತಿ ಮತ್ತು ಮರಾಠಿಯಲ್ಲಿ ನೀರು ಸಂಗ್ರಹಿಸುವ ತೊಟ್ಟಿಗೆ ಇದನ್ನು ಹೋಲುವ ಪದಗಳಿವೆ. ಕೊಳ ಎಂಬ ಅರ್ಥದ 'ಟಾಂಕೆ' ಎಂಬ ಪೋರ್ಚುಗೀಸ್ ಪದವೂ ಇದರ ಜೊತೆ ಸೇರಿತು. ಭಾರತಕ್ಕೆ ಬಂದ ಇಂಗ್ಲಿಷರು ಇಲ್ಲಿ ಜನ ಮಣ್ಣಿನ ಏರಿ ಕಟ್ಟಿ ಮಳೆ ನೀರು ನಿಲ್ಲಿಸುವುದನ್ನು ಕಂಡರು. ಅದನ್ನು ಟ್ಯಾಂಕ್ ಎಂದು ಕರೆದರು. ತಾನಾಗಿ ಉಂಟಾದ ಸರೋವರ ಲೇಕ್, ಜನ ಕಟ್ಟಿದ ಕೆರೆ ಟ್ಯಾಂಕ್ - ಹೀಗೆ ಅವರ ಬರಹಗಳಲ್ಲಿ ವ್ಯತ್ಯಾಸವಿತ್ತು.

ಇದಕ್ಕೆ ಸಾಕ್ಷಿ ಬೆಂಗಳೂರಿನಲ್ಲೇ ಇದೆ. ಎಂಜಿನಿಯರ್ ರಿಚರ್ಡ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದ ಜಲಾಶಯ ಇಂಗ್ಲಿಷಿನಲ್ಲಿ 'ಸ್ಯಾಂಕಿ ಟ್ಯಾಂಕ್'. ಕನ್ನಡದಲ್ಲಿ ನಾವು ಅದನ್ನು ಸ್ಯಾಂಕಿ ಕೆರೆ ಎನ್ನುತ್ತೇವೆ.

ಯುದ್ಧಕ್ಕೆ ಹೊರಟ ತೊಟ್ಟಿ

ಹಾಗಾದರೆ ತೋಪು ಹೊತ್ತ ವಾಹನಕ್ಕೆ ಈ ಹೆಸರು ಹೇಗೆ ಬಂತು? ಇದು ಒಂದು ಗುಟ್ಟಿನ ಕಥೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಉಕ್ಕಿನ ಕವಚವಿರುವ ಹೊಸ ವಾಹನವನ್ನು ತಯಾರಿಸುತ್ತಿದ್ದರು. ಶತ್ರುಗಳಿಗೆ ಸುಳಿವು ಸಿಗಬಾರದು. ಅದಕ್ಕೆ ಅದನ್ನು ನೀರು ಸಾಗಿಸುವ ತೊಟ್ಟಿ ಎಂದು ಹೇಳಿ, 1915ರ ಕೊನೆಗೆ 'ಟ್ಯಾಂಕ್' ಎಂಬ ಸುಳ್ಳು ಹೆಸರಿಟ್ಟರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸ್‌ನ ರಣರಂಗದಲ್ಲಿ ಅದು ಮೊದಲ ಬಾರಿಗೆ ಕಾಣಿಸಿಕೊಂಡಿತು. ಗುಟ್ಟು ಬಯಲಾಯಿತು, ಆದರೆ ಸುಳ್ಳು ಹೆಸರೇ ಗಟ್ಟಿಯಾಗಿ ಉಳಿಯಿತು!

ಇನ್ನೂ ಒಂದು ಟ್ಯಾಂಕ್ ಇದೆ. ಪರಿಣತರು ಒಟ್ಟಿಗೆ ಸೇರಿ ಯೋಚಿಸುವ ಸಂಸ್ಥೆಯನ್ನು ಇಂಗ್ಲಿಷಿನಲ್ಲಿ 'ಥಿಂಕ್ ಟ್ಯಾಂಕ್' ಎನ್ನುತ್ತಾರೆ. ಕನ್ನಡ ಪತ್ರಿಕೆಗಳು ಅದನ್ನು 'ಯೋಚನೆಯ ತೊಟ್ಟಿ' ಎನ್ನಲಿಲ್ಲ, 'ಚಿಂತಕರ ಚಾವಡಿ' ಎಂದವು. ನಮ್ಮ ಹಳ್ಳಿಗಳಲ್ಲಿ ಹಿರಿಯರು ಕೂತು ಮಾತನಾಡುವ ಜಾಗ ಚಾವಡಿ ತಾನೇ? ಪದವನ್ನಲ್ಲ, ಅರ್ಥವನ್ನು ಅನುವಾದಿಸಬೇಕು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಕನ್ನಡದಲ್ಲಿ ಎಷ್ಟೊಂದು ಹೆಸರು!

ಇಂಗ್ಲಿಷಿನ ಒಂದು ಟ್ಯಾಂಕ್‌ಗೆ ಕನ್ನಡದಲ್ಲಿ ಹಲವು ಪದಗಳಿವೆ. ಮನೆಯಲ್ಲಿ ಕಟ್ಟಿದ್ದು ತೊಟ್ಟಿ. ಹೊಲದ ಬದಿಯ ಚಿಕ್ಕ ಗುಂಡಿ ಕುಂಟೆ. ದನಕರು ನೀರು ಕುಡಿಯಲು ಕಟ್ಟಿದ್ದು ಗೋಕಟ್ಟೆ. ದೇವಸ್ಥಾನದ ಬಳಿ ಮೆಟ್ಟಿಲುಗಳಿರುವುದು ಕಲ್ಯಾಣಿ ಅಥವಾ ಪುಷ್ಕರಣಿ. ಏರಿ ಕಟ್ಟಿ ಹಳ್ಳದ ನೀರು ನಿಲ್ಲಿಸಿದ್ದು ಕೆರೆ. ಇವೆಲ್ಲ ಸಮಾನಾರ್ಥಕ ಪದಗಳಂತೆ ಕಂಡರೂ ಗಾತ್ರ, ಉಪಯೋಗ, ಕಟ್ಟುವ ರೀತಿ ಬೇರೆ ಬೇರೆ.

ಬಹಳ ದೊಡ್ಡ ಕೆರೆಯಾದರೆ? ಅದನ್ನು ಹಿಂದಿನವರು 'ಸಮುದ್ರ' ಎಂದೇ ಕರೆದರು. ಹೊಯ್ಸಳರ ರಾಜಧಾನಿ ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ಅಲ್ಲಿನ ದೊಡ್ಡ ಕೆರೆಯನ್ನು ಇಂದಿಗೂ ನೋಡಬಹುದು. ಜನರ ಬಾಯಲ್ಲಿ ಸಮುದ್ರ ಸವೆದು 'ಸಂದ್ರ' ಆಯಿತು. ಥಣಿಸಂದ್ರ, ತಿಪ್ಪಸಂದ್ರ, ಬೊಮ್ಮಸಂದ್ರ, ಜಕ್ಕಸಂದ್ರ, ನಮ್ಮ ಅಲ್ಲಾಳಸಂದ್ರ - ಇವೆಲ್ಲ ಕೆರೆಯ ನೆನಪು ಹೊತ್ತ ಹೆಸರುಗಳು. ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ಊರಿಗೆ ಸಮುದ್ರದ ಹೆಸರು!

ತೊಟ್ಟಿಗೂ ಕೆರೆಗೂ ಏನು ವ್ಯತ್ಯಾಸ?

ತಾರಸಿಯ ಟ್ಯಾಂಕಿಗೆ ಮೋಟಾರು ನೀರು ತುಂಬಿಸುತ್ತದೆ. ನಲ್ಲಿ ತಿರುಗಿಸಿದರೆ ಖಾಲಿಯಾಗುತ್ತದೆ. ಅಷ್ಟೇ ಅದರ ಕೆಲಸ. ಕೆರೆ ಹಾಗಲ್ಲ. ಸುತ್ತಲಿನ ಎತ್ತರದ ನೆಲದ ಮೇಲೆ ಬಿದ್ದ ಮಳೆ ಕಾಲುವೆಗಳಲ್ಲಿ ಹರಿದು ಕೆರೆ ಸೇರುತ್ತದೆ. ಏರಿ ಆ ನೀರನ್ನು ತಡೆಯುತ್ತದೆ. ತೂಬಿನ ಮೂಲಕ ನೀರು ಅಚ್ಚುಕಟ್ಟಿನ ಗದ್ದೆಗಳಿಗೆ ಹೋಗುತ್ತದೆ. ಹೆಚ್ಚಾದದ್ದು ಕೋಡಿಯಲ್ಲಿ ಹರಿದು ಕೆಳಗಿನ ಕೆರೆಗೆ ಸಾಗುತ್ತದೆ. ಅಲ್ಲಾಳಸಂದ್ರದ ಕಡೆಯ ನೀರು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿ ಕೆರೆಗೆ ಇಳಿಯುವುದು ಹೀಗೆಯೇ. ಇದನ್ನು ಕೆರೆಗಳ ಸರಪಳಿ ಎನ್ನುತ್ತಾರೆ. ಇದಲ್ಲದೆ ಕೆರೆಯ ನೀರು ನಿಧಾನವಾಗಿ ನೆಲದೊಳಗೆ ಇಂಗಿ ಬಾವಿಗಳಿಗೆ ಆಸರೆಯಾಗುತ್ತದೆ.

ಒಂದು ಲೆಕ್ಕ ಮಾಡೋಣ. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್. ಅಷ್ಟು ಜಾಗದಲ್ಲಿ ಒಂದು ಮೀಟರ್ ಆಳ ನೀರು ನಿಂತರೆ 10,000 ಘನ ಮೀಟರ್. ಒಂದು ಘನ ಮೀಟರ್ ಎಂದರೆ 1,000 ಲೀಟರ್. ಅಂದರೆ ಒಟ್ಟು ಒಂದು ಕೋಟಿ ಲೀಟರ್! 1,000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕುಗಳಲ್ಲಿ ತುಂಬಿಡಲು 10,000 ಟ್ಯಾಂಕು ಬೇಕು.

ಈಗ ಮುಖ್ಯವಾದ ಮಾತು. ಖಾಲಿಯಾದ ಟ್ಯಾಂಕನ್ನು ತೆಗೆದು ಬೇರೆಡೆ ಇಡಬಹುದು. ಬೇಸಿಗೆಯಲ್ಲಿ ಬತ್ತಿದ ಕೆರೆಯನ್ನೂ ಹಾಗೆಯೇ 'ಖಾಲಿ ಜಾಗ' ಎಂದುಕೊಂಡರೆ ತಪ್ಪಾಗುತ್ತದೆ. ಬತ್ತಿದ ಕೆರೆ ಖಾಲಿಯಲ್ಲ, ಅದು ಮಳೆಗೆ ಕಾಯುತ್ತಿರುತ್ತದೆ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ಇರುವ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಎಂಬ ಕೆರೆ ಇತ್ತು. ಅಂಬುಧಿ ಎಂದರೂ ಸಮುದ್ರವೇ. ಕೆರೆ ಹೋಯಿತು, ಹೆಸರು ಮಾತ್ರ ಉಳಿಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರ್ ನೀರಿಗಾಗಿ ಕಾದು ನಿಂತರು. ಟ್ಯಾಂಕರ್ ನೀರನ್ನು ತರಬಲ್ಲದು, ನೀರನ್ನು ಇಂಗಿಸಲಾರದು.

ಮಾಡಿ ನೋಡಿ

1. ಶಾಲೆಯ ಅಂಗಳದ ಮೂಲೆಯಲ್ಲಿ ಬೋಗುಣಿಯಷ್ಟು ದೊಡ್ಡ ಗುಂಡಿ ತೋಡಿ. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಬೋಗುಣಿ ಇಡಿ. ಎರಡಕ್ಕೂ ಎರಡೆರಡು ಚೊಂಬು ನೀರು ಹಾಕಿ. ಒಂದು ಗಂಟೆಯ ನಂತರ ಎರಡನ್ನೂ ಹೋಲಿಸಿ. ಗುಂಡಿಯ ಪಕ್ಕದ ಮಣ್ಣನ್ನು ಕೆದಕಿ ಮುಟ್ಟಿ ನೋಡಿ. ನೀರು ಎಲ್ಲಿಗೆ ಹೋಯಿತು?

2. ನಿಮ್ಮ ತಾಲ್ಲೂಕಿನ ನಕ್ಷೆಯಲ್ಲಿ ಕೆರೆ, ಕಟ್ಟೆ, ಕುಂಟೆ, ಸಮುದ್ರ, ಸಂದ್ರ ಎಂದು ಕೊನೆಯಾಗುವ ಊರುಗಳನ್ನು ಪಟ್ಟಿ ಮಾಡಿ. ಆ ಊರಿನ ಕೆರೆ ಈಗಲೂ ಇದೆಯೇ ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆಯಿರಿ.

ಕೊನೆಗೆ, ಆರಂಭದಲ್ಲಿ ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದ ಚಿತ್ರವನ್ನು ಇನ್ನೊಮ್ಮೆ ನೋಡಿ. ಅದರ ಪಕ್ಕದಲ್ಲಿ ಒಂದು ಕೆರೆಯನ್ನೂ ಬರೆಯಿರಿ. ಏರಿ, ತೂಬು, ಕೋಡಿ ಮರೆಯಬೇಡಿ.