ಬಿಜೂರಿನ ಬಚ್ಚಲಿಗೆ ಬಂದ ಹಾಯಿದೋಣಿಯ ಬಿಸಿನೀರು

ತಾಮ್ರದ ಹಂಡೆ ಅಂಗಳದಲ್ಲಿ ಬೋರಲು ಬಿದ್ದಿತ್ತು. ತಳದಲ್ಲಿ ಸೂಜಿಮೊನೆಯಷ್ಟು ತೂತು. ಎತ್ತಿ ಬಿಸಿಲಿಗೆ ಹಿಡಿದರೆ ಆ ಕಡೆಯ ಬೆಳಕು ಕಾಣುತ್ತಿತ್ತು. ಬಿಜೂರು ರೈಲು ನಿಲ್ದಾಣದಿಂದ ಹೆದ್ದಾರಿ ದಾಟಿ ಕಡಲಿನ ಕಡೆಗೆ ಹೋದರೆ ಸಿಗುವ ತೆಂಗಿನ ತೋಟದ ಮನೆ ಅದು. ಅಜ್ಜಿಯ ಕಾಲದಲ್ಲಿ ಮಣ್ಣು ಮೆತ್ತಿ ಕೂರಿಸಿದ್ದ ಹಂಡೆಯನ್ನು ಕಿತ್ತು ಹೊರಗಿಟ್ಟಿದ್ದರು. ಬಚ್ಚಲಲ್ಲಿ ಅದರ ಜಾಗಕ್ಕೆ ಏನು ಬಂದಿದೆ ಎಂದು ನೋಡಲು ಹೋದವನು ನಾನು. ನೋಡಿ ಬಂದ ಮೇಲೂ ಆ ಏರ್ಪಾಡು ತಲೆಯಿಂದ ಇಳಿದಿಲ್ಲ.

ಹಂಡೆ ಸೋರತೊಡಗಿದಾಗ ಮನೆಯಲ್ಲಿ ಎಲ್ಲ ಕಡೆ ನಡೆಯುವ ಚರ್ಚೆಯೇ ನಡೆಯಿತಂತೆ. ಹಿರಿಯ ಮಗ ಗೋಡೆಗೆ ಗೀಸರ್ ಹಾಕಿ ಮುಗಿಸೋಣ ಎಂದ. ಸೋಲಾರ್ ಎಂದರು ನೆಂಟರು. ಮನೆಯ ಅಮ್ಮನ ಪ್ರಶ್ನೆ ಬೇರೆಯೇ ಇತ್ತು. ಸೊಸೆಗೆ ದಿನ ತುಂಬುತ್ತಾ ಬಂದಿತ್ತು. "ಕರೆಂಟ್ ಹೋದ್ರೆ ಎಂತ ಮಾಡುದ್? ಬಾಳಂತಿಗೆ ತಣ್ಣೀರ್ ಹೊಯ್ಯುಕ್ ಆತ್ತಾ?" ಬಾಣಂತಿ ಸ್ನಾನ ಕಂಡವರಿಗೆ ಆ ಪ್ರಶ್ನೆಯ ತೂಕ ಗೊತ್ತು. ಅಲ್ಲಿ ಎರಡು ಬಕೆಟ್ ಸಾಲದು. ಕೊಡಗಟ್ಟಲೆ ಬೇಕು, ಅದೂ ನಡುವೆ ಬಿಸಿ ತಪ್ಪದೆ.

ದಾರಿ ತೋರಿಸಿದವನು ಕಿರಿಯ ಮಗ. ಗಲ್ಫಿನಲ್ಲಿ ವಿಹಾರದೋಣಿಗಳ ಎಂಜಿನ್ ಕೆಲಸ ಅವನದು, ಆಗ ರಜೆಯಲ್ಲಿದ್ದ. ತಿಂಗಳುಗಟ್ಟಲೆ ಕಡಲಲ್ಲೇ ವಾಸ ಮಾಡುವ ಹಾಯಿದೋಣಿಗಳಲ್ಲಿ ಹಳೆಯ ನೀರಿನ ಹೀಟರ್ ಕಿತ್ತು ಹೊಸದು ಕೂರಿಸುವುದು ಅವನಿಗೆ ಪಳಗಿದ ಕೆಲಸ. ಆ ದೋಣಿಗಳಲ್ಲಿ ಗಾಳಿ ಬಿದ್ದಾಗ, ಬಂದರು ಹೊಕ್ಕುವಾಗ ಓಡಿಸಲು ಒಂದು ಡೀಸೆಲ್ ಎಂಜಿನ್ ಇರುತ್ತದೆ. ಎಂಜಿನ್ ತಣಿಸಿ ಹೊರಬರುವ ನೀರು ಸುಮಾರು 80 ಡಿಗ್ರಿ ಕಾದಿರುತ್ತದೆ. ಆ ಬಿಸಿಯನ್ನು ಕಡಲಿಗೆ ಚೆಲ್ಲುವ ಮೊದಲು, ಸುತ್ತಲೂ ಶಾಖ ತಡೆಯುವ ಹೊದಿಕೆ ಇರುವ ಒಂದು ಟ್ಯಾಂಕಿನೊಳಗಿನ ಸುರುಳಿ ಕೊಳವೆಯಲ್ಲಿ ಹಾಯಿಸುತ್ತಾರೆ. ಟ್ಯಾಂಕಿನ ಸಿಹಿನೀರು ಪುಕ್ಕಟೆ ಕಾಯುತ್ತದೆ. ಇದಕ್ಕೆ ಕ್ಯಾಲೊರಿಫೈಯರ್ ಎನ್ನುತ್ತಾರೆ. ದಡಕ್ಕೆ ಕಟ್ಟಿದಾಗ ಕರೆಂಟಿನಿಂದ ಕಾಯಿಸಲು ಅದರಲ್ಲೇ ಒಂದು ಕಾಯಿಲ್ ಕೂಡ ಇರುತ್ತದೆ. ಎರಡು ಕಡೆಯ ಬಿಸಿ, ಒಂದೇ ಟ್ಯಾಂಕು. "ಕರೆಂಟ್ ಇಲ್ದಿದ್ರೂ ಬೋಟಗೆ ಎಂಜಿನ್ ಬಿಸಿ ಇತ್ತಲೆ ಅಮ್ಮ. ನಮ್ಮನಿ ಎಂಜಿನ್ ಅಂದ್ರೆ ಈ ಒಲಿಯೇ" ಎಂದನಂತೆ.

ಹೀಗೆ ಬಚ್ಚಲೊಲೆ ಉಳಿಯಿತು, ಹಂಡೆ ಹೋಯಿತು. ಒಲೆಯ ಒಳಮೈಗೆ ಮುಕ್ಕಾಲು ಇಂಚಿನ ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ ಕೂರಿಸಿ, ಅದರ ಎರಡೂ ತುದಿಗಳನ್ನು ಗೋಡೆ ತೂರಿಸಿ ಆಚೆಗೆ ಒಯ್ದಿದ್ದಾರೆ. ಆಚೆ, ಒಲೆಗಿಂತ ಎತ್ತರದ ಕಟ್ಟೆಯ ಮೇಲೆ, ಗ್ಲಾಸ್‌ವುಲ್ ಹೊದ್ದ 80 ಲೀಟರಿನ ಟ್ಯಾಂಕು. ಅದರ ಅಡಿಯಿಂದ ತಣ್ಣೀರು ಸುರುಳಿಯ ಕೆಳತುದಿಗೆ ಇಳಿಯುತ್ತದೆ. ಕಾದು ಹಗುರಾಗಿ ಮೇಲ್ತುದಿಯಿಂದ ಟ್ಯಾಂಕಿನ ನೆತ್ತಿಗೆ ಏರುತ್ತದೆ. ಪಂಪು ಬೇಡ. ಬೆಂಕಿ ಇರುವಷ್ಟು ಹೊತ್ತು ನೀರು ತಾನಾಗಿ ಸುತ್ತುತ್ತದೆ.

ಈ ಕೊಳವೆಯ ವಿಷಯದಲ್ಲಿ ನಾನು ಅವನನ್ನು ಬಿಡದೆ ಕೇಳಿದೆ. ಮೇಲೇರುವ ಕೊಳವೆ ಉದ್ದಕ್ಕೂ ಏರುತ್ತಲೇ ಇರಬೇಕು. ನಡುವೆ ಒಂದು ಕಡೆ ಉಬ್ಬಿ ಮತ್ತೆ ಇಳಿದರೂ ಆ ಉಬ್ಬಿನಲ್ಲಿ ಗಾಳಿ ಸಿಕ್ಕಿಕೊಂಡು ಹರಿವು ನಿಂತುಹೋಗುತ್ತದೆ. ಆಗ ಸುರುಳಿಯೊಳಗಿನ ನೀರು ಕುದಿದು ಗುಳುಗುಳು ಸದ್ದು ಬರುತ್ತದೆ, ಟ್ಯಾಂಕು ಮಾತ್ರ ತಣ್ಣಗೇ ಇರುತ್ತದೆ. ಮೊದಲ ಸಲ ಒಲೆ ಹಚ್ಚಿದಾಗ ಇಲ್ಲಿಯೂ ಆದದ್ದು ಅದೇ. ಗೋಡೆಯ ತೂತನ್ನು ಮೇಲಕ್ಕೆ ಕೊರೆದು ಕೊಳವೆ ಎತ್ತಿದ ಮೇಲೆ ಸರಿಹೋಯಿತು. ಇನ್ನೊಂದು ಕಟ್ಟುನಿಟ್ಟು: ಸುರುಳಿಗೂ ಟ್ಯಾಂಕಿಗೂ ನಡುವೆ ವಾಲ್ವ್ ಕೂಡದು, ಟ್ಯಾಂಕಿನ ನೆತ್ತಿಯಿಂದ ಬಾಯಿ ತೆರೆದ ಒಂದು ಕೊಳವೆ ಮಾಡಿನ ಮೇಲಿನ ನೀರಿನ ತೊಟ್ಟಿಗಿಂತ ಎತ್ತರಕ್ಕೆ ಹೋಗಲೇಬೇಕು. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ಬಚ್ಚಲು ಉಳಿಯುವುದಿಲ್ಲ. ತೆರೆದ ಹಂಡೆಗೆ ಈ ಭಯ ಇರಲಿಲ್ಲ. ಮುಚ್ಚಿದ ಟ್ಯಾಂಕಿಗೆ ಬರುವವರು ಇದನ್ನು ಮೊದಲು ಕಲಿಯಬೇಕು. ನೀರು ತುಂಬದೆ ಒಲೆ ಹಚ್ಚಬಾರದು ಎಂಬುದು ಮಾತ್ರ ಎರಡಕ್ಕೂ ಒಂದೇ ನಿಯಮ.

ಈ ವಿದ್ಯೆ ಹೊಸದಲ್ಲ. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾಘನ್ ಅನಿಲದಿಂದ ನೀರು ಕಾಯಿಸುವ ಯಂತ್ರ ಮಾಡಿದ; ಗೀಸರ್ ಎಂಬ ಹೆಸರು ಆಗ ಬಂತು. 1891ರಲ್ಲಿ ಅಮೆರಿಕದ ಕ್ಲಾರೆನ್ಸ್ ಕೆಂಪ್ ಸೋಲಾರ್ ಹೀಟರಿಗೆ ಪೇಟೆಂಟ್ ಪಡೆದ. 1909ರಲ್ಲಿ ವಿಲಿಯಂ ಬೈಲಿ ಕಾಯುವ ಕೊಳವೆಯನ್ನೂ ಕೂಡಿಡುವ ಟ್ಯಾಂಕನ್ನೂ ಬೇರೆ ಮಾಡಿ, ಟ್ಯಾಂಕನ್ನು ಮೇಲಿಟ್ಟ. ಬಿಜೂರಿನ ಬಚ್ಚಲಲ್ಲಿ ನೀರು ಸುತ್ತುವುದು ಬೈಲಿಯ ಅದೇ ಸೂತ್ರದಿಂದ. ನಮ್ಮಲ್ಲಿ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಶುರುವಾದ ಅಸ್ತ್ರ ಕೇಂದ್ರ, ಕಡಿಮೆ ಕಟ್ಟಿಗೆಯಲ್ಲಿ ಉರಿದು ಹೊಗೆಯನ್ನು ಚಿಮಣಿಯಿಂದ ಹೊರಗಟ್ಟುವ ಅಸ್ತ್ರ ಒಲೆ ಕೊಟ್ಟಿತು. ಈ ಮನೆಯವರೂ ಒಲೆಗೆ ಕಬ್ಬಿಣದ ಜಾಲರಿ ಮತ್ತು ಚಿಮಣಿ ಹಾಕಿಸಿದ್ದಾರೆ. ಅದಿಲ್ಲದಿದ್ದರೆ ನಾನು ಈ ಏರ್ಪಾಡನ್ನು ಹೊಗಳುತ್ತಿರಲಿಲ್ಲ. ನಮ್ಮ ಹೆಂಗಸರು ಬಚ್ಚಲಲ್ಲಿ ಕುಡಿದ ಹೊಗೆ ಸಾಕು.

ಸೋಲಾರಿನ ಬಗ್ಗೆ ನನ್ನ ಅನುಮಾನ ಹೇಳಿಬಿಡುತ್ತೇನೆ. ಬಯಲುಸೀಮೆಗೆ ಅದು ವರವೇ ಸರಿ. ಆದರೆ ಉಡುಪಿ ಜಿಲ್ಲೆಗೆ ವರ್ಷದಲ್ಲಿ ಸುರಿಯುವುದು ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಬಿಸಿನೀರು ಬೇಕೇಬೇಕು ಅನ್ನಿಸುವ ತಿಂಗಳುಗಳೂ ಅವೇ. ಬಿಸಿಲು ಕಾಯುವ ಏಪ್ರಿಲ್‌ನಲ್ಲಿ ಇಲ್ಲಿ ಬಿಸಿನೀರು ಕೇಳುವವರು ಯಾರು? ಹಂಚಿನ ಮಾಡಿನ ಮೇಲೆ ಕೂರಿಸಲು ಜಾಗವಿಲ್ಲ, ತೆಂಗಿನ ನೆರಳು ಬೇರೆ, ಗಾಜಿನ ಕೊಳವೆಯ ಮೇಲೆ ಕಾಯಿ ಬಿದ್ದರೆ ಕಥೆ ಮುಗಿಯಿತು.

ಕರೆಂಟ್ ಗೀಸರಿಗೆ ಇಲ್ಲಿ ಒಂದು ಅನುಕೂಲ ಇದೆ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕರಾವಳಿಯ ಬಾವಿನೀರು ವರ್ಷವಿಡೀ 27 ಡಿಗ್ರಿಯ ಆಸುಪಾಸು. ಸ್ನಾನಕ್ಕೆ 40 ಡಿಗ್ರಿ ಸಾಕು. ಏರಿಸಬೇಕಾದದ್ದು ಹದಿಮೂರೇ ಡಿಗ್ರಿ. ದೊಡ್ಡ ಗೀಸರ್ ಬೇಕಿಲ್ಲ. ಈ ಮನೆಯ ಟ್ಯಾಂಕಿನೊಳಗೂ 2 ಕಿಲೋವ್ಯಾಟಿನ ಕಾಯಿಲ್ ಇದೆ. 80 ಲೀಟರನ್ನು 60 ಡಿಗ್ರಿಗೆ ಏರಿಸಲು ಅದಕ್ಕೆ ಒಂದೂವರೆ ಗಂಟೆ, 3 ಯೂನಿಟ್ ಬೇಕು. ಅದೇ ಕೆಲಸವನ್ನು ಒಣಗಿದ ಮಡಲು, ಕೊತ್ತಳಿಗೆ, ಕಾಯಿಸಿಪ್ಪೆ ಮಾಡುತ್ತವೆ, ಮೀಟರ್ ತಿರುಗುವುದಿಲ್ಲ. ಹಾಗಾಗಿ ಕಾಯಿಲಿನ ಸ್ವಿಚ್ಚು ಅವಸರಕ್ಕೆ ಮಾತ್ರ.

ಬಂಡವಾಳ ಹಾಕುವ ಮೊದಲು ಬಾವಿಯ ನೀರನ್ನು ಪರೀಕ್ಷೆ ಮಾಡಿಸಬೇಕು ಎನ್ನುವುದರಲ್ಲಿ ಕಿರಿಯ ಮಗನಿಗೆ ರಾಜಿಯೇ ಇಲ್ಲ. ಮುರಕಲ್ಲಿನ ನೆಲದ ನೀರು ಸಾಮಾನ್ಯವಾಗಿ ಮೆದು, ತುಸು ಹುಳಿ. ತಾಮ್ರವನ್ನು ನಿಧಾನವಾಗಿ ತಿನ್ನುತ್ತದೆ. ತಾಮ್ರ ಹಾಯ್ದು ಬಂದ ನೀರನ್ನು ಜಿಐ ಪೈಪಿಗೆ ಬಿಟ್ಟರೆ ಪೈಪು ಬೇಗ ತೂತು ಬೀಳುತ್ತದೆ. ಕಡಲ ಬದಿಯ ಬಾವಿಗೆ ಉಪ್ಪು ಹತ್ತಿದ್ದರೆ ಸಾಧಾರಣ ಸ್ಟೀಲ್ ಟ್ಯಾಂಕೂ ಬಾಳುವುದಿಲ್ಲ. ಅದಕ್ಕೆ ಒಳಗೆ ಗಾಜಿನ ಲೇಪ ಇರುವ ಟ್ಯಾಂಕು ತಂದು, ಅದರ ಮೆಗ್ನೀಸಿಯಂ ಸರಳನ್ನು ಆಗಾಗ ಬಿಚ್ಚಿ ನೋಡಬೇಕು. ಟ್ಯಾಂಕಿನ ಬದಲು ತಾನು ಸವೆಯುವುದೇ ಆ ಸರಳಿನ ಕೆಲಸ. ಬೋಟಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ಕಬ್ಬಿಣದ ಬೋಟಿನ ಅಡಿಗೆ ಸತುವಿನ ಗಟ್ಟಿ ಬಡಿಯುವುದೂ ಇದೇ ಕಾರಣಕ್ಕೆ.

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಗೆ ಕಟ್ಟುತ್ತಿದ್ದ ಹಿಂಡ್ಲೆ ಬಳ್ಳಿಯನ್ನು ಈಗ ಕಟ್ಟುವುದೆಲ್ಲಿಗೆ ಎಂದು ಅಮ್ಮನನ್ನು ಕೇಳಿದೆ. ಟ್ಯಾಂಕಿಗೇ ಕಟ್ಟುವುದಂತೆ. ಅವರಿಗೆ ಅದರಲ್ಲಿ ಗೊಂದಲವೇನೂ ಇಲ್ಲ.

ಹೀಟರ್ ಬದಲಿಸುವವರು ನೇರ ಅಂಗಡಿಗೆ ಹೋಗುವ ಮೊದಲು ಮನೆಯ ಸುತ್ತ ಒಮ್ಮೆ ಬರಬೇಕೆಂದು ನನ್ನ ಮನವಿ. ಪುಕ್ಕಟೆ ಸಿಗುವ ಬಿಸಿ ಯಾವುದಿದೆ, ನೀರಿನ ಗುಣ ಎಂಥದು, ಕರೆಂಟ್ ಹೋದ ಮಳೆಗಾಲದ ರಾತ್ರಿ ಬಾಣಂತಿಗೋ ಮುದುಕರಿಗೋ ಎಷ್ಟು ನೀರು ಬೇಕು, ಇಷ್ಟು ಗೊತ್ತಾದರೆ ಯಾವುದನ್ನು ತರಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಕುಂದಾಪುರದ ಫ್ಲ್ಯಾಟಿನವರಿಗೆ ಸಣ್ಣ ಗೀಸರೇ ಸರಿ. ತೋಟದ ಮನೆಗಳಲ್ಲಿ ಮಡಲು ಕೊಳೆಯಲು ಬಿಟ್ಟು ನೀರು ಕಾಯಿಸಲು ತಿಂಗಳ ಬಿಲ್ ಕಟ್ಟುವುದು ಮಾತ್ರ ನನಗೆ ಒಪ್ಪಿಗೆಯಾಗದು. ಇದಕ್ಕೆ ಕೈಗಳೂ ಇಲ್ಲೇ ಇವೆ. ಗಂಗೊಳ್ಳಿಯಲ್ಲಿ, ಕೊಡೇರಿಯಲ್ಲಿ ಬೋಟಿನ ಎಂಜಿನ್ ಬಿಚ್ಚಿ ಕಟ್ಟುವ ಮೆಕ್ಯಾನಿಕ್ಕುಗಳಿದ್ದಾರೆ, ಊರೂರಲ್ಲಿ ಒಲೆ ಹಾಕಬಲ್ಲ ಗಾರೆಯವರಿದ್ದಾರೆ. ಅವರಿಬ್ಬರನ್ನೂ ಒಂದೇ ದಿನ ಬಚ್ಚಲಿಗೆ ಕರೆಸಿ ಮಾತಾಡಿಸಿದರೆ ಅರ್ಧ ಕೆಲಸ ಆದಂತೆ.