ಜೇಬಿನ ಚಾಕು ಹೇಗಿರಬೇಕು?

ಮರಗಸಿಗೆ ಕತ್ತಿಯಿದೆ, ಗಿಡಗಸಿಗೆ ಕತ್ತರಿಯಿದೆ, ಅಡಿಕೆ ಸುಲಿಯಲು ಮೆಟ್ಟುಗತ್ತಿಯಿದೆ. ತೋಟ ಸುತ್ತುವಾಗ ಬಳ್ಳಿ ಕೊಯ್ಯಲು, ಹಗ್ಗ ತುಂಡರಿಸಲು, ಗೊಬ್ಬರದ ಚೀಲ ಬಿಚ್ಚಲು ಬೇಕಾದದ್ದು ಮಾತ್ರ ಒಂದು ಸಣ್ಣ ಚಾಕು. ಮೂಡಿಗೆರೆಯಲ್ಲೋ ಕಳಸದಲ್ಲೋ ಕೊಳ್ಳುವಾಗ ನಾವು ಹೊಳಪಿಗೆ ಮರುಳಾಗುತ್ತೇವೆ. ನೋಡಬೇಕಾದದ್ದು ಬೇರೆ.

ಅಲಗಿನ ಬೆನ್ನು ತುದಿಯತ್ತ ಮೆಲ್ಲಗೆ ಇಳಿದಿರಲಿ; ಅಂಥ ತುದಿ ಗಟ್ಟಿ, ಬೇಗ ಮುರಿಯದು. ಉದ್ದ 3 ಅಂಗುಲ ಸಾಕು. ಹಿಡಿ ಒದ್ದೆ ಕೈಯಲ್ಲೂ ಜಾರಬಾರದು. ಮಡಿಸುವ ಚಾಕಾದರೆ, ಬಿಚ್ಚಿದ ಅಲಗು ಕಚ್ಚಿ ನಿಲ್ಲಬೇಕು; ಇಲ್ಲವಾದರೆ ಬೆರಳ ಮೇಲೇ ಮಡಚೀತು.

ಸಾದಾ ಉಕ್ಕು ಸುಲಭವಾಗಿ ಹರಿತವಾಗುತ್ತದೆ, ಆದರೆ ನಮ್ಮ ಮಳೆಗಾಲದಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಸಂಜೆ ಒರೆಸಿ ಎಣ್ಣೆ ಸವರೋಣ. ಮೊಂಡು ಚಾಕಿಗೆ ಬಲ ಹಾಕುವಾಗಲೇ ಕೈ ಕುಯ್ಯುವುದು. ನಾಲ್ಕು ಕಾಸು ಉಳಿಸಲು ಹೋಗಿ ಕೊಯ್ಲಿನ ಹೊತ್ತಿಗೆ ಬೆರಳಿಗೆ ಬಟ್ಟೆ ಸುತ್ತಿ ಕೂರುವುದು ಬೇಡ.