ಮದ್ದು ನಾಟುವುದೇ? ನೆತ್ತರು ಹೇಳೀತೇ?

ನೆತ್ತರನ್ನು ಪರೀಕ್ಷಿಸಿ ರೋಗವನ್ನು ಗುರುತಿಸುವುದು ಈಗ ಹೊಸ ಮಾತಲ್ಲ. ಮಲೇರಿಯವಾಗಲಿ ಮಧುಮೇಹವಾಗಲಿ, ಬೆರಳ ತುದಿಯ ಒಂದು ಹನಿಯೇ ಸಾಕು. ಆದರೆ ಒಂದು ಮದ್ದನ್ನು ಕೊಡುವ ಮೊದಲೇ ಅದು ಈ ರೋಗಿಗೆ ನಾಟುವುದೋ ಇಲ್ಲವೋ ಎಂದು ನೆತ್ತರನ್ನೇ ಕೇಳುವುದುಂಟೇ? ನಮ್ಮ ಹಿರಿಯರಾದರೆ ಇಂಥ ಪ್ರಶ್ನೆಯನ್ನು ವೈದ್ಯರ ಕೈಗುಣಕ್ಕೆ ಬಿಟ್ಟು ಸುಮ್ಮನಿರುತ್ತಿದ್ದರು. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ವಿಷಯದಲ್ಲಿ ಇಂದಿನ ವೈದ್ಯರು ಹಾಗೆ ಬಿಡುವಂತಿಲ್ಲ.

ಚರ್ಮಕ್ಕೆ ಬಣ್ಣವನ್ನು ಕೊಡುವ ಜೀವಕೋಶಗಳು ಕೆಟ್ಟು ಬೆಳೆದಾಗ ಮೆಲನೋಮ ಹುಟ್ಟುತ್ತದೆ. ಬಿಳಿಯ ಚರ್ಮದವರಲ್ಲಿ, ಅದರಲ್ಲಿಯೂ ಬಿಸಿಲು ಪ್ರಖರವಾದ ಆಸ್ಟ್ರೇಲಿಯದಲ್ಲಿ, ಇದು ಬಲು ಹೆಚ್ಚು. ನಮ್ಮ ದೇಶದಲ್ಲಿ ವಿರಳ. ಬಂದಾಗ ಅನೇಕವೇಳೆ ಅಂಗಾಲು, ಅಂಗೈ, ಉಗುರಿನ ಅಡಿ, ಇಂಥ ಕಡೆ ಕಪ್ಪು ಮಚ್ಚೆಯಾಗಿ ಕಾಣಿಸಿಕೊಳ್ಳುತ್ತದೆ. ಆಣಿಯೆಂದೋ ಏಟಿನ ಕಲೆಯೆಂದೋ ಅಲಕ್ಷ್ಯ ಮಾಡುವುದೂ ಉಂಟು. ಮೊದಲಲ್ಲಿಯೇ ಕಂಡರೆ ಕತ್ತರಿಸಿ ತೆಗೆದು ಗುಣಪಡಿಸಬಹುದು. ಶ್ವಾಸಕೋಶ, ಯಕೃತ್ತು, ಮಿದುಳುಗಳಿಗೆ ಹರಡಿದ ಮೇಲಾದರೋ, 2010ರವರೆಗೂ, ವರ್ಷ ತುಂಬುವುದರೊಳಗೆ ಹೆಚ್ಚಿನವರು ತೀರಿಕೊಳ್ಳುತ್ತಿದ್ದರು.

ಆ ಕಥೆಯನ್ನು ಬದಲಿಸಿದುದು ಇಮ್ಯುನೊಥೆರಪಿ. ನಮ್ಮ ಬಿಳಿಯ ರಕ್ತಕಣಗಳಿಗೆ ಕ್ಯಾನ್ಸರನ್ನು ಕೊಲ್ಲುವ ಶಕ್ತಿಯುಂಟು. ಆದರೆ ಅವು ಮಿತಿಮೀರಿ ಸ್ವಂತ ದೇಹವನ್ನೇ ಕೆಡಿಸದಂತೆ ಪ್ರಕೃತಿ ಅವಕ್ಕೆ ಕಡಿವಾಣ ಹಾಕಿದೆ. ಕ್ಯಾನ್ಸರು ಕಪಟಿ, ಆ ಕಡಿವಾಣವನ್ನೇ ಹಿಡಿದು ಜಗ್ಗುತ್ತದೆ. ಅದನ್ನು ಸಡಿಲಿಸುವ ದಾರಿಯನ್ನು ತೋರಿದ ಅಮೆರಿಕದ ಜೇಮ್ಸ್ ಅಲಿಸನ್, ಜಪಾನಿನ ತಸುಕು ಹೊಂಜೊ ಇವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಮೆರಿಕದಲ್ಲಿ 2011ರಲ್ಲಿ ಇಪಿಲಿಮುಮಾಬ್, 2014ರಲ್ಲಿ ಪೆಂಬ್ರೊಲಿಜುಮಾಬ್ ಮತ್ತು ನಿವೊಲುಮಾಬ್ ಎಂಬ ಮದ್ದುಗಳಿಗೆ ಅನುಮತಿ ಸಿಕ್ಕಿತು. (ಹೆಸರುಗಳು ನಾಲಗೆ ಹೊರಳದಂಥವು, ನಿಜ.) ಹತ್ತು ವರ್ಷ ನಡೆದ ಒಂದು ದೊಡ್ಡ ಪ್ರಯೋಗದ ಫಲ 2024ರಲ್ಲಿ ಪ್ರಕಟವಾಯಿತು. ನಿವೊಲುಮಾಬ್, ಇಪಿಲಿಮುಮಾಬ್ ಎರಡನ್ನೂ ಕೂಡಿಸಿ ಪಡೆದವರಲ್ಲಿ 100ಕ್ಕೆ 43 ಮಂದಿ ಹತ್ತು ವರ್ಷ ಕಳೆದರೂ ಬದುಕಿದ್ದರು. ನಿವೊಲುಮಾಬ್ ಒಂದನ್ನೇ ಪಡೆದವರಲ್ಲಿ 37, ಇಪಿಲಿಮುಮಾಬ್ ಒಂದನ್ನೇ ಪಡೆದವರಲ್ಲಿ 19. ಸಂತೋಷದ ಸುದ್ದಿಯೇ. ಆದರೆ ಉಳಿದವರ ಗತಿ? ಕೂಡು ಮದ್ದು ಪಡೆದ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕರುಳು, ಯಕೃತ್ತು ಮೊದಲಾದೆಡೆ ತೀವ್ರ ಉಪದ್ರವಗಳೂ ಆದವು. ಬೆಲೆಯನ್ನು ಕೇಳಿದರೆ ಮನೆ ಮಾರುವ ಮಾತು ಬರುತ್ತದೆ. ಯಾರಿಗೆ ನಾಟುತ್ತದೆಂದು ಮುಂದಾಗಿ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು!

ನೆತ್ತರಿನಲ್ಲಿ ಸುಳಿವುಗಳು ಇಲ್ಲದಿಲ್ಲ. ಹಳೆಯದೂ ಅಗ್ಗವೂ ಆದುದು ಎಲ್.ಡಿ.ಎಚ್. ಎಂಬ ಕಿಣ್ವ. ಜೀವಕೋಶಗಳ ಒಳಗಿರುವ ಇದು, ಅವು ಒಡೆದಾಗ ನೆತ್ತರಿಗೆ ಸೋರುತ್ತದೆ. ಹರಡಿದ ಮೆಲನೋಮದ ಹಂತವನ್ನು ಬರೆಯುವಾಗಲೇ ವೈದ್ಯರು ಇದರ ಮಟ್ಟವನ್ನೂ ನಮೂದಿಸುತ್ತಾರೆ. ವರದಿಯಲ್ಲಿ ಈ ಅಂಕಿಯ ಪಕ್ಕದಲ್ಲಿ ‘ಎಚ್’ ಎಂಬ ಅಕ್ಷರ ಕಂಡೊಡನೆ ಮನೆಯವರ ಮುಖ ಬಾಡುತ್ತದೆ. ಊರಿಗೆ ಫೋನು ಹೋಗುತ್ತದೆ. ಇನ್ನೇಕೆ ಸಾಲ ಮಾಡುವುದು ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟೂಬಿಡುತ್ತಾರೆ. ಈ ಅಂಕಿ ಹೇಳುವುದು ಮುಖ್ಯವಾಗಿ ರೋಗದ ಬಲವನ್ನು. ಅದು ಏರಿದ್ದವರಿಗೆ ಯಾವ ಚಿಕಿತ್ಸೆಯೂ ಕಷ್ಟವೇ. ಹಾಗಿದ್ದೂ ಮೇಲಿನ ಪ್ರಯೋಗದಲ್ಲಿಯೇ, ಎಲ್.ಡಿ.ಎಚ್. ಏರಿದ್ದು ಕೂಡು ಮದ್ದು ಪಡೆದವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಐದು ವರ್ಷ ದಾಟಿದರು. ಯಕೃತ್ತಿನ ಬೇನೆಯಿಂದಲೂ ಅಂಕಿ ಏರುವುದುಂಟು. ನೆತ್ತರು ತೆಗೆಯುವಾಗ ಕೆಂಪುಕಣಗಳು ಒಡೆದರೂ ಏರುವುದುಂಟು.

ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಸಿಗುವ ನ್ಯೂಟ್ರೊಫಿಲ್, ಲಿಂಫೊಸೈಟ್ ಎಂಬ ಎರಡು ಬಗೆಯ ಬಿಳಿಕಣಗಳ ಪ್ರಮಾಣವನ್ನೂ ನೋಡುತ್ತಾರೆ. ಮೊದಲನೆಯದು ಬಲು ಹೆಚ್ಚಿ ಎರಡನೆಯದು ತಗ್ಗಿದ್ದರೆ ಫಲ ಕಡಿಮೆಯೆಂದು ಕಂಡುಬಂದಿದೆ. ಸೋಂಕಿನಿಂದ, ಸ್ಟೀರಾಯ್ಡ್ ಮಾತ್ರೆಯಿಂದ ಇದೂ ಏರುಪೇರಾಗುವಂಥದೇ.

ನಮಗೆ ಬಹಳ ಹಿಡಿಸಿದುದು ಇನ್ನೊಂದು. ಸಾಯುವ ಕ್ಯಾನ್ಸರ್ ಕೋಶಗಳು ತಮ್ಮ ಡಿ.ಎನ್.ಎ.ಯ ಚೂರುಗಳನ್ನು ನೆತ್ತರಿಗೆ ಉದುರಿಸುತ್ತವೆ. ಕೆಲವು ಗಂಟೆಗಳಲ್ಲಿ ದೇಹ ಅವನ್ನು ಗುಡಿಸಿಹಾಕುವುದರಿಂದ, ಇಂದಿನ ನೆತ್ತರಿನಲ್ಲಿ ಕಾಣುವುದು ಇಂದಿನ ರೋಗವೇ. ಮೆಲನೋಮ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ಗಡ್ಡೆಯಲ್ಲಿ ಬಿ-ರಾಫ್ ಎಂಬ ಜೀನು ಕೆಟ್ಟಿರುತ್ತದೆ. ಅಂಥ ದೋಷದ ಗುರುತು ಹಿಡಿದು ಚೂರುಗಳನ್ನು ಎಣಿಸಬಹುದು. ಚಿಕಿತ್ಸೆಗೆ ಮುನ್ನವೇ ಅವು ಕಾಣದಿದ್ದವರಿಗೂ, ಮೊದಲ ಕೆಲವು ವಾರಗಳಲ್ಲಿ ಮಾಯವಾದವರಿಗೂ ಮದ್ದು ಹೆಚ್ಚಾಗಿ ನಾಟಿದೆ.

ಇದರ ಬೆಲೆ ತಿಳಿಯುವುದು ಒಂದು ವಿಚಿತ್ರ ಸಂದರ್ಭದಲ್ಲಿ. ಚಿಕಿತ್ಸೆ ತೊಡಗಿ ಎರಡು ಮೂರು ತಿಂಗಳಿಗೆ ಸ್ಕ್ಯಾನ್ ತೆಗೆದರೆ ಕೆಲವರ ಗಡ್ಡೆ ದೊಡ್ಡದಾಗಿ ಕಾಣುತ್ತದೆ. ನಿಜವಾಗಿ ಬೆಳೆದಿರಬಹುದು, ಅಥವಾ ಕೊಲ್ಲಲು ನುಗ್ಗಿದ ಬಿಳಿಕಣಗಳ ದಂಡಿನಿಂದಲೇ ಉಬ್ಬಿರಬಹುದು. ತಪ್ಪು ತಿಳಿದರೆ ಗೆಲ್ಲುತ್ತಿರುವ ಮದ್ದನ್ನೇ ನಿಲ್ಲಿಸಿದಂತಾಗುತ್ತದೆ. ಸಿಡ್ನಿಯ ವೈದ್ಯರು 125 ರೋಗಿಗಳನ್ನು ಕುರಿತು 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹನ್ನೆರಡು ವಾರಗಳೊಳಗೆ 29 ಮಂದಿಯ ಗಡ್ಡೆ ಹೀಗೆ ದೊಡ್ಡದಾಗಿ ಕಂಡಿತ್ತು. ಅವರಲ್ಲಿ 9 ಮಂದಿಯದು ಹುಸಿ ಬೆಳವಣಿಗೆ. ಆ ಒಂಬತ್ತೂ ಮಂದಿಯ ನೆತ್ತರಿನಲ್ಲಿ ಚೂರುಗಳು ಇರಲೇ ಇಲ್ಲ, ಇಲ್ಲವೆ ಹತ್ತು ಪಟ್ಟಿಗೂ ಮಿಗಿಲಾಗಿ ತಗ್ಗಿದ್ದವು. ನಿಜವಾಗಿ ರೋಗ ಬೆಳೆದ 20 ಮಂದಿಯಲ್ಲಿ 18 ಮಂದಿಯ ನೆತ್ತರು ಅದನ್ನು ಸರಿಯಾಗಿ ಹೇಳಿತು, ಇಬ್ಬರಲ್ಲಿ ತಪ್ಪಿತು.

ಆ ಇಬ್ಬರಂಥವರು ಇರುವತನಕ, ಒಂದೇ ರಕ್ತಪರೀಕ್ಷೆಯನ್ನು ನೆಚ್ಚಿ ಮದ್ದು ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸುವ ಹಾಗಿಲ್ಲ. ವರದಿ ಕೈಗೆ ಬಂದಾಗ, ಹೋದ ಸಲಕ್ಕಿಂತ ಅಂಕಿ ಏರಿತೇ ಇಳಿಯಿತೇ, ಮುಂದಿನ ಪರೀಕ್ಷೆ ಎಂದು ಎಂಬುದನ್ನು ವೈದ್ಯರನ್ನು ಕೇಳುವುದು ಒಳ್ಳೆಯದು. ಗಡ್ಡೆ ಮಿದುಳಿನಲ್ಲಿ ಮಾತ್ರ ಇದ್ದರೆ ಅದರ ಚೂರುಗಳು ನೆತ್ತರಿನಲ್ಲಿ ಕಾಣಸಿಗುವುದು ಅಪರೂಪ, ಅಲ್ಲಿಗೆ ಎಂ.ಆರ್.ಐ. ಚಿತ್ರವೇ ಬೇಕು.